ಮತಯಂತ್ರದ ಸಣ್ಣ ಸ್ವಿಚ್ಚು ಮತ್ತು ಬಸ್ಸಿನ ಮೇಲಿನ ವಿಳಾಸ

ಎಲೆಕ್ಷನ್ ಡ್ಯೂಟಿಗೆ ಹೋಗಿಬಂದ ಮಾಸ್ತರುಗಳನ್ನು ಮಾತಿಗೆ ಎಳೆದು ನೋಡಿ. ಅರಗು, ದಾರ, ಸೀಲು, ತುಂಬಿದಷ್ಟೂ ಮುಗಿಯದ ಫಾರ್ಮುಗಳು, ಶಾಲೆಯ ಕಟ್ಟೆಯ ಮೇಲೆ ಸೊಳ್ಳೆಗಳ ಜೊತೆ ಕಳೆದ ರಾತ್ರಿ..... ಎಲ್ಲ ಹೇಳುತ್ತಾರೆ. ಆದರೆ ನಾವು ಗುಂಡಿ ಒತ್ತುವ ಆ ಪೆಟ್ಟಿಗೆ ಇದೆಯಲ್ಲ, ಬ್ಯಾಲೆಟ್ ಯುನಿಟ್, ಅದರ ಬಲಗಡೆ ಮೇಲ್ತುದಿಯಲ್ಲಿ ಒಂದು ಪುಟ್ಟ ಕಿಂಡಿ ಇದೆ, ಅದರೊಳಗೆ ಒಂದು ಅಂಕಿ ಕಾಣುತ್ತದೆ ಅನ್ನುವುದನ್ನು ಹೇಳುವವರು ಕಡಿಮೆ. ಹಳೆಯ ಮಾದರಿಯ ಯಂತ್ರಗಳಲ್ಲಿ ಆ ಅಂಕಿ 1, 2, 3 ಅಥವಾ 4. ಒಳಗಿನ ಜಾರು ಸ್ವಿಚ್ಚನ್ನು ಯಾರೋ ಒಬ್ಬರು ಬೆರಳಿನಿಂದ ಸರಿಸಿ ಅಲ್ಲಿ ನಿಲ್ಲಿಸಿರುತ್ತಾರೆ. ಅಭ್ಯರ್ಥಿಗಳು ಕಡಿಮೆ ಇದ್ದು ಒಂದೇ ಪೆಟ್ಟಿಗೆ ಸಾಕಾದಾಗ ಅದು 1ರಲ್ಲೇ ಇರುತ್ತದೆ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ನನ್ನ ಕಣ್ಣಿಗೆ ಬಿದ್ದದ್ದಕ್ಕೆ ಕಾರಣ ನನ್ನ ಹೊಟ್ಟೆಪಾಡು. ಊರು ರಾಯಬಾಗದ ಕಡೆ, ಕೆಲಸ ಕಂಪ್ಯೂಟರಿನ ಕರ್ನಲ್ ಜೊತೆ. ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು. ಯಂತ್ರಕ್ಕೆ ಯಾವ ಯಾವ ಸಾಧನ ಅಂಟಿಕೊಂಡಿದೆ, ಯಾವುದನ್ನು ಯಾವ ನಂಬರಿನಿಂದ ಕರೆಯಬೇಕು ಎಂದು ಲೆಕ್ಕ ಇಡುವುದು ಅದರ ಕೆಲಸಗಳಲ್ಲೊಂದು. ನಮ್ಮ ಕಸುಬಿನಲ್ಲಿ ಕೈಯಿಂದ ಸ್ವಿಚ್ಚು ಸರಿಸಿ ನಂಬರು ಕೊಡುವ ಪದ್ಧತಿ ಬಿಟ್ಟು ಎಷ್ಟೋ ವರ್ಷಗಳಾದವು. ಮತಯಂತ್ರ ಮಾತ್ರ ಅದನ್ನು ಬಿಟ್ಟಿಲ್ಲ. ಯಾಕೆ? ಇದನ್ನು ಹೇಳಬೇಕಾದರೆ ಸ್ವಲ್ಪ ಹಳೆಯ ಕಥೆಗೆ ಹೋಗಬೇಕು.

ಮೊದಲು 'ಬಸ್' ಅನ್ನುವ ಶಬ್ದ. ಚಿಕ್ಕೋಡಿ ಸ್ಟ್ಯಾಂಡಿನಲ್ಲಿ ನಿಂತಿರುವ ಬಸ್ಸಿಗೂ ಕಂಪ್ಯೂಟರಿನೊಳಗಿನ ಬಸ್ಸಿಗೂ ಹೆಸರಿನ ಮೂಲ ಒಂದೇ, 'ಎಲ್ಲರಿಗೂ' ಎಂಬ ಅರ್ಥದ ಲ್ಯಾಟಿನ್ ಪದ. ಎಲ್ಲ ಸಾಧನಗಳೂ ಹಂಚಿಕೊಳ್ಳುವ ತಂತಿಗಳ ಒಂದು ಕಟ್ಟು, ಅಷ್ಟೇ. ಒಬ್ಬರು ಮಾತಾಡಿದ್ದು ಎಲ್ಲರಿಗೂ ಕೇಳಿಸುತ್ತದೆ. ಹಾಗಾಗಿ ಮಾತಿನ ಮೊದಲು 'ಇದು ಇಂಥವರಿಗೆ' ಎಂದು ಹೇಳಲೇಬೇಕು. ಆ 'ಇಂಥವರು' ಅನ್ನುವುದೇ ವಿಳಾಸ. ಒಂದೇ ವಿಳಾಸದಲ್ಲಿ ಇಬ್ಬರಿದ್ದರೆ ಇಬ್ಬರೂ ಒಟ್ಟಿಗೆ ಉತ್ತರ ಕೊಡುತ್ತಾರೆ, ಯಾರದ್ದೂ ತಿಳಿಯುವುದಿಲ್ಲ.

1981ರಲ್ಲಿ ಐಬಿಎಂ ಪಿಸಿ ಬಂದಾಗ ಈ ವಿಳಾಸ ಕೊಡುವವನು ಮನುಷ್ಯ. ಕಾರ್ಡಿನ ಮೇಲೆ ಸಾಲಾಗಿ ಸಣ್ಣ ಸಣ್ಣ ಪಿನ್ನುಗಳು, ಎರಡೆರಡು ಪಿನ್ನಿಗೆ ತೊಡಿಸುವ ಅಕ್ಕಿಕಾಳಿನಷ್ಟು ದೊಡ್ಡ ಟೊಪ್ಪಿಗೆ, ಅದರ ಹೆಸರು ಜಂಪರ್. ಸೌಂಡ್ ಬ್ಲಾಸ್ಟರ್ ಕಾರ್ಡಿಗೆ 220, ನೆಟ್‌ವರ್ಕ್ ಕಾರ್ಡಿಗೆ 300 (ಹದಿನಾರರ ಲೆಕ್ಕದಲ್ಲಿ) ಅಂತ ರೂಢಿ. ಇದಲ್ಲದೆ ಪ್ರತಿ ಕಾರ್ಡಿಗೆ ಒಂದು ಇಂಟರಪ್ಟ್ ಸಂಖ್ಯೆ, ಅಂದರೆ 'ನನ್ನ ಕಡೆ ನೋಡಿ' ಎಂದು ಪ್ರೊಸೆಸರನ್ನು ಕರೆಯುವ ಗಂಟೆ. ಇವುಗಳನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು, ಒಂದಕ್ಕೊಂದು ತಾಗದಂತೆ ಹೊಂದಿಸಿ, ಕಿರುಚಿಮಟದಿಂದ ಜಂಪರ್ ಕಿತ್ತು ಇನ್ನೊಂದು ಕಡೆ ತೊಡಿಸಬೇಕು. ಆ ಟೊಪ್ಪಿಗೆ ಒಮ್ಮೆ ನೆಲಕ್ಕೆ ಬಿತ್ತೋ, ಮುಗಿಯಿತು ಕಥೆ!

ಕರ್ನಲ್ ಪಾಡು ಇನ್ನೂ ಕಷ್ಟ. ಯಾವ ಕಾರ್ಡು ಯಾವ ವಿಳಾಸದಲ್ಲಿ ಕೂತಿದೆ ಎಂದು ಅದಕ್ಕೆ ಹೇಳುವವರೇ ಇಲ್ಲ. 1991ರಲ್ಲಿ ಹುಟ್ಟಿದ ಲಿನಕ್ಸ್ ಮೊದಲ ವರ್ಷಗಳಲ್ಲಿ ಮಾಡಿದ್ದು ಕತ್ತಲಲ್ಲಿ ಬಾಗಿಲು ತಟ್ಟುವ ಕೆಲಸ. 300ರಲ್ಲಿ ಏನಾದರೂ ಬರೆಯುವುದು, ಓದುವುದು, ಉತ್ತರ ನೆಟ್‌ವರ್ಕ್ ಕಾರ್ಡಿನ ಹಾಗೆ ಕಂಡರೆ 'ಸಿಕ್ಕಿತು' ಅನ್ನುವುದು. ಆದರೆ ಅಲ್ಲಿ ಇದ್ದದ್ದು ಬೇರೆ ಕಾರ್ಡಾಗಿದ್ದರೆ? ತಟ್ಟಿದ ಏಟಿಗೇ ಇಡೀ ಯಂತ್ರ ನಿಂತುಹೋಗುತ್ತಿತ್ತು. 'ಆ ಬಾಗಿಲು ಮಾತ್ರ ತಟ್ಟಬೇಡ' ಎಂದು ಬೂಟ್ ಮಾಡುವಾಗಲೇ ಕರ್ನಲ್‌ಗೆ ಹೇಳಿಡುವ ಒಂದು ಆಯ್ಕೆಯೂ ಇತ್ತು ಅಂದರೆ ಪರಿಸ್ಥಿತಿ ಊಹಿಸಿ.

ಜಂಪರ್ ಕಾಟ ತಪ್ಪಿಸಲು 1993ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ಸೇರಿ 'ಪ್ಲಗ್ ಆಂಡ್ ಪ್ಲೇ' ಎಂಬ ಪದ್ಧತಿ ತಂದವು. ಜನ ಅದನ್ನು ಗೇಲಿ ಮಾಡಿದ್ದೇ ಹೆಚ್ಚು, ಆದರೆ ಒಳಗಿನ ಯುಕ್ತಿ ನನಗೆ ಇವತ್ತಿಗೂ ಬಲು ಇಷ್ಟ. ಸಮಸ್ಯೆ ಏನೆಂದರೆ, ಕಾರ್ಡುಗಳಿಗೆ ಇನ್ನೂ ವಿಳಾಸವಿಲ್ಲ, ಎಲ್ಲರೂ ಒಂದೇ ತಂತಿಯಲ್ಲಿದ್ದಾರೆ, ಒಬ್ಬೊಬ್ಬರನ್ನೇ ಬೇರೆ ಮಾಡಿ ಕರೆಯಬೇಕು. ಹೇಗೆ? ಪ್ರತಿ ಕಾರ್ಡಿನೊಳಗೆ ಕಾರ್ಖಾನೆಯಲ್ಲೇ ಬರೆದ 72 ಬಿಟ್‌ಗಳ ಗುರುತು ಇರುತ್ತದೆ. ಯಂತ್ರ ಬಿಟ್ಟಿಗೊಮ್ಮೆ ಕೇಳುತ್ತದೆ. ಆ ಜಾಗದಲ್ಲಿ 1 ಇರುವ ಕಾರ್ಡು ಕೂಗುತ್ತದೆ. 0 ಇರುವ ಕಾರ್ಡು ಸುಮ್ಮನೆ ಕಿವಿಗೊಡುತ್ತದೆ. ಇನ್ಯಾರೋ ಕೂಗಿದ್ದು ಕೇಳಿಸಿದರೆ 'ಈ ಸುತ್ತಿಗೆ ನಾನಿಲ್ಲ' ಎಂದು ಹಿಂದೆ ಸರಿಯುತ್ತದೆ. 72 ಬಿಟ್ ಮುಗಿಯುವಷ್ಟರಲ್ಲಿ ಕಣದಲ್ಲಿ ಉಳಿಯುವುದು ಒಂದೇ ಕಾರ್ಡು. ಅದಕ್ಕೆ 1 ಎಂಬ ನಂಬರು. ಸರಿದವರೆಲ್ಲ ಮತ್ತೆ ಕಣಕ್ಕೆ, ಉಳಿದವರಲ್ಲಿ ಗೆದ್ದವರಿಗೆ 2. ಹೀಗೆ ಕೂಗುವವರು ಯಾರೂ ಇಲ್ಲದಾಗ ಆಟ ಮುಗಿಯಿತು. ಯಾರ ಕೈಯೂ ತಾಗದೆ ಎಲ್ಲರಿಗೂ ನಂಬರು! ಲಿನಕ್ಸ್ ಕರ್ನಲ್ ಒಳಗೇ ಈ ವ್ಯವಸ್ಥೆ ಬಂದದ್ದು 2001ರ 2.4ನೇ ಆವೃತ್ತಿಯಲ್ಲಿ. ಅಷ್ಟು ಹೊತ್ತಿಗೆ ಆ ಬಸ್ಸೇ ಹಳತಾಗಿ ಮೂಲೆ ಸೇರುತ್ತಿತ್ತು ಅನ್ನಿ.

ಅದರ ಜಾಗಕ್ಕೆ ಬಂದದ್ದು 1992ರಲ್ಲಿ ಇಂಟೆಲ್ ಪ್ರಕಟಿಸಿದ ಪಿಸಿಐ. ಇದರಲ್ಲಿ ವಿಳಾಸ ಅಂದರೆ ಕೂತಿರುವ ಜಾಗ. ಪ್ರತಿ ಸ್ಲಾಟಿಗೂ ಬೇರೆಯಾಗಿ ಒಂದು ಆಯ್ಕೆಯ ತಂತಿ ಇರುವುದರಿಂದ ಕೂಗಾಟ ಬೇಕಿಲ್ಲ. ಬಸ್ ಸಂಖ್ಯೆ (256ರವರೆಗೆ), ಆ ಬಸ್ಸಿನಲ್ಲಿ ಸಾಧನ (32), ಸಾಧನದೊಳಗೆ ಕಾರ್ಯ (8), ಹೀಗೆ ಮೂರು ಹಂತ. ನಮ್ಮ ಪಿನ್‌ಕೋಡ್ ನೆನಪಿಗೆ ಬರುತ್ತದೆ ಅಲ್ವಾ? 1972ರ ಆಗಸ್ಟ್ 15ರಂದು ಬಂದ ಈ ಆರಂಕಿಯಲ್ಲಿ ಮೊದಲ ಮೂರು ಟಪಾಲು ವಿಂಗಡಿಸುವ ಪ್ರದೇಶ, ಕೊನೆಯ ಮೂರು ಅಂಚೆ ಕಚೇರಿ. ಚಿಕ್ಕೋಡಿ 591201, ನಿಪ್ಪಾಣಿ 591237, ಅಥಣಿ 591304, ರಾಯಬಾಗ 591317, ಕಾಗವಾಡ 591223. ಐದೂ 591ರ ಅಡಿಯಲ್ಲಿ.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. 2018ರಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಬೇರೆ ತಾಲ್ಲೂಕುಗಳಾದವು, ಆದರೆ ಪಿನ್‌ಕೋಡ್ ಅಲುಗಲಿಲ್ಲ. ಪಿಸಿಐ ಬಸ್ಸಿನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಒಂದು ಬಸ್ಸಿಗೂ ಇನ್ನೊಂದಕ್ಕೂ ನಡುವೆ ಸೇತುವೆ ಇರುತ್ತದೆ. 'ನನ್ನ ಕೆಳಗೆ 3ರಿಂದ 6ರ ತನಕ' ಅಂತ ಒಂದಕ್ಕೊಂದು ಅಂಟಿದ ಸಂಖ್ಯೆಗಳನ್ನೇ ಆ ಸೇತುವೆ ಹಿಡಿದಿಟ್ಟುಕೊಳ್ಳಬೇಕು. ಸೇತುವೆಯ ಕೆಳಗೆ ಎಷ್ಟು ಇವೆ ಅಂತ ಇಳಿದು ನೋಡುವ ತನಕ ಗೊತ್ತಿಲ್ಲವಾದ್ದರಿಂದ ತಾತ್ಕಾಲಿಕವಾಗಿ '255ರ ತನಕ ಎಲ್ಲವೂ ನಿನ್ನದೇ' ಎಂದು ಬರೆದು ಒಳಗಿಳಿಯುತ್ತಾರೆ, ಮೇಲೆ ಬಂದ ಮೇಲೆ ಸರಿಯಾದ ಸಂಖ್ಯೆ ಬರೆಯುತ್ತಾರೆ. ನಡುವೆ ಹೊಸದೊಂದು ಸೇತುವೆ ಹುಟ್ಟಿಕೊಂಡರೆ ಅದರ ನಂತರದವರ ನಂಬರುಗಳು ಮುಂದಿನ ಬೂಟ್‌ನಲ್ಲಿ ಬದಲಾಗಬಹುದು. ನಮ್ಮ ಮೇಜಿನ ಮೇಲಿನ ಪಿಸಿಗಳಲ್ಲಿ ಈ ಕೆಲಸವನ್ನು ಮೊದಲು ಬಯೋಸ್ ಮಾಡಿಟ್ಟಿರುತ್ತದೆ, ಲಿನಕ್ಸ್ ಬಹುಪಾಲು ಅದನ್ನೇ ಒಪ್ಪಿಕೊಳ್ಳುತ್ತದೆ. ಬೇರೆ ಎಷ್ಟೋ ಯಂತ್ರಗಳಲ್ಲಿ ಕರ್ನಲ್ಲೇ ಎಲ್ಲವನ್ನೂ ಮೊದಲಿನಿಂದ ಹಂಚುತ್ತದೆ.

ಜಾಗ ಎಷ್ಟು ಬೇಕೆಂದು ಕೇಳುವ ರೀತಿಯೂ ಚೆಂದ. ಸಾಧನದ ವಿಳಾಸದ ಖಾನೆಯಲ್ಲಿ ಪೂರ್ತಿ 1ಗಳನ್ನೇ ಬರೆಯುವುದು, ತಿರುಗಿ ಓದುವುದು. ಬಲಗಡೆ ಎಷ್ಟು ಬಿಟ್‌ಗಳು 0 ಆಗಿಯೇ ಉಳಿದವೋ ಅದರಿಂದ ಅದಕ್ಕೆ ಬೇಕಾದ ಜಾಗದ ಅಳತೆ ಸಿಗುತ್ತದೆ. ಬಾಯಿಬಿಟ್ಟು ಕೇಳುವ ಹಾಗೇ ಇಲ್ಲ.

ಆಮೇಲೆ 1996ರ ಜನವರಿಯಲ್ಲಿ ಯುಎಸ್‌ಬಿ. ಅದರ ಹಿಂದಿನ ಪ್ರಮುಖರಲ್ಲಿ ಒಬ್ಬರು ವಡೋದರಾದಲ್ಲಿ ಓದಿ ಇಂಟೆಲ್ ಸೇರಿದ ಅಜಯ್ ಭಟ್. ಇಲ್ಲಿ ವಿಳಾಸ 7 ಬಿಟ್, ಅಂದರೆ 127 ಸಾಧನಗಳು. 0 ಯಾರಿಗೂ ಕೊಡುವುದಿಲ್ಲ, ಅದು ಹೊಸಬರಿಗೆ. ಹುಟ್ಟಿದ ಕೂಸಿಗೆ ತೊಟ್ಟಿಲ ಶಾಸ್ತ್ರ ಆಗುವ ತನಕ ಹೆಸರಿರುವುದಿಲ್ಲ, ಎಲ್ಲ ಮನೆಯಲ್ಲೂ ಅದು ಬರೀ 'ಕೂಸು'. ಹಾಗೆ ಆಗಷ್ಟೇ ಚುಚ್ಚಿದ ಪ್ರತಿ ಸಾಧನವೂ 0 ಎಂಬ ಹೆಸರಿಗೇ ಓಗೊಡುತ್ತದೆ. ಇಬ್ಬರು ಒಟ್ಟಿಗೆ ಓಗೊಡಬಾರದಲ್ಲ, ಅದಕ್ಕೆ ಒಂದು ಸಲಕ್ಕೆ ಒಂದೇ ಬಾಗಿಲನ್ನು ತೆರೆಸುತ್ತಾರೆ. ಕರ್ನಲ್ 'ಇನ್ನು ಮೇಲೆ ನೀನು 5' ಅನ್ನುತ್ತದೆ, ಸಾಧನ ಒಪ್ಪಿಕೊಳ್ಳುತ್ತದೆ, ಮುಂದಿನ ಕೂಸಿನ ಸರದಿ. ಕಿತ್ತು ಮತ್ತೆ ಚುಚ್ಚಿದರೆ 6. ಇನ್ನೊಮ್ಮೆ ಚುಚ್ಚಿದರೆ 7. 127 ಮುಟ್ಟಿದ ಮೇಲೆ ಕೆಳಗೆ ಖಾಲಿ ಇರುವ ನಂಬರಿಗೆ ವಾಪಸು. (ಯುಎಸ್‌ಬಿ 3ರ ಜೊತೆ ಬಂದ ನಿಯಂತ್ರಕಗಳಲ್ಲಿ ಈ ವಿಳಾಸವನ್ನು ಕರ್ನಲ್ ಕೂಡ ಕೊಡುವುದಿಲ್ಲ, ಆ ಚಿಪ್ಪೇ ಕೊಟ್ಟುಕೊಳ್ಳುತ್ತದೆ.) 1998ರ ಏಪ್ರಿಲ್‌ನಲ್ಲಿ ಬಿಲ್ ಗೇಟ್ಸ್ ಎದುರೇ ವೇದಿಕೆಯ ಮೇಲೆ ಸ್ಕ್ಯಾನರ್ ಚುಚ್ಚಿದಾಗ ವಿಂಡೋಸ್ 98ರ ನೀಲಿ ಪರದೆ ಬಂದದ್ದನ್ನು ಎಲ್ಲರೂ ನೋಡಿ ನಕ್ಕಿದ್ದಾರೆ, ಅದನ್ನು ಮತ್ತೆ ಹೇಳುವುದಿಲ್ಲ.

ಹೀಗೆ ನಂಬರು ಕೊಡುವ ಅಧಿಕಾರ ಮನುಷ್ಯನ ಬೆರಳಿನಿಂದ ಕರ್ನಲ್‌ಗೆ, ಕರ್ನಲ್‌ನಿಂದ ಚಿಪ್ಪಿಗೆ ಜಾರುತ್ತಾ ಹೋಯಿತು. ಇದು ಸಾಧ್ಯವಾದದ್ದಕ್ಕೆ ಕಾರಣ ಒಂದೇ, ಆ ನಂಬರಿಗೆ ಅರ್ಥವಿಲ್ಲ. ನಿಮ್ಮ ಪೆನ್‌ಡ್ರೈವ್ 5 ಆದರೇನು, 6 ಆದರೇನು. ಆದರೆ ಎಲ್ಲಿ ನಂಬರಿಗೆ ಹೊರಗಿನ ಅರ್ಥ ಅಂಟಿಕೊಳ್ಳುತ್ತದೋ ಅಲ್ಲಿ ಕೆಟ್ಟಿತು. ಎರಡು ನೆಟ್‌ವರ್ಕ್ ಕಾರ್ಡು ಇರುವ ಲಿನಕ್ಸ್ ಯಂತ್ರ ಇಟ್ಟುಕೊಂಡವರನ್ನು ಕೇಳಿ. ಒಂದು ಇಂಟರ್‌ನೆಟ್ ಕಡೆಗೆ, ಇನ್ನೊಂದು ಆಫೀಸಿನ ಒಳಗೆ. ಕರ್ನಲ್ ಮೊದಲು ಕಂಡದ್ದಕ್ಕೆ 0, ಆಮೇಲೆ ಕಂಡದ್ದಕ್ಕೆ 1. ಕರ್ನಲ್ ಹೊಸದು ಹಾಕಿದಾಗ ಕಾಣುವ ಕ್ರಮ ಅದಲು ಬದಲಾದರೆ? ಕಾವಲಿನ ಬಾಗಿಲು ಒಳಗಡೆಗೆ, ತೆರೆದ ಬಾಗಿಲು ಬೀದಿಗೆ! ಎಲ್ಲ ಕಾರ್ಡೂ ಚೆನ್ನಾಗಿಯೇ ಕೆಲಸ ಮಾಡುತ್ತಿರುತ್ತವೆ, ತಪ್ಪು ಯಾರಿಗೂ ಕಾಣುವುದಿಲ್ಲ. ಇದನ್ನು ಸರಿಪಡಿಸಲು 2003ರಲ್ಲಿ ಬಂದ ಯುಡೆವ್, ಹಾಗೂ 2013ರಲ್ಲಿ ಸಿಸ್ಟಮ್‌ಡಿ ತಂದ 'ಜಾಗ ನೋಡಿ ಹೆಸರಿಡುವ' ಕ್ರಮ ಬೇಕಾದವು.

ಈಗ ಮತಗಟ್ಟೆಗೆ ಬರೋಣ.

ಮತಯಂತ್ರದಲ್ಲಿ ನಮ್ಮ ಬೆಂಗಳೂರಿನ ಪಾಲು ದೊಡ್ಡದು. ಹೈದರಾಬಾದಿನ ಇಸಿಐಎಲ್ ಮತ್ತು ಜಾಲಹಳ್ಳಿಯ ಬಿಇಎಲ್, ಈ ಎರಡೇ ಸಂಸ್ಥೆಗಳು ಇವನ್ನು ಮಾಡುವುದು. ಬಿಇಎಲ್‌ನಲ್ಲಿ ಆ ಕೆಲಸದ ಮುಂದಾಳಾಗಿದ್ದ ಎಂಜಿನಿಯರ್ ಎಸ್. ರಂಗರಾಜನ್ ಅಂದರೆ ಬೇರೆ ಯಾರೂ ಅಲ್ಲ, ತಮಿಳಿನ ಹೆಸರಾಂತ ಕಾದಂಬರಿಕಾರ 'ಸುಜಾತಾ'. ಮೊದಲ ಬಾರಿ ಯಂತ್ರದಲ್ಲಿ ಮತ ಬಿದ್ದದ್ದು ಕೇರಳದ ಪರವೂರಿನಲ್ಲಿ, 1982ರ ಮೇ 19ರಂದು, 50 ಮತಗಟ್ಟೆಗಳಲ್ಲಿ. ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವಿಲ್ಲ ಎಂದು 1984ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 1988ರಲ್ಲಿ ಕಾನೂನು ತಿದ್ದಿದರು, 1998ರಲ್ಲಿ 16 ವಿಧಾನಸಭಾ ಕ್ಷೇತ್ರಗಳಲ್ಲಿ ಮತ್ತೆ ಪ್ರಯೋಗ, 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕಡೆ. ನಿಪ್ಪಾಣಿ, ಚಿಕ್ಕೋಡಿ-ಸದಲಗಾ, ಅಥಣಿ, ಕಾಗವಾಡ, ಕುಡಚಿ, ರಾಯಬಾಗ, ಹುಕ್ಕೇರಿ, ಯಮಕನಮರಡಿ, ಈ ಎಂಟು ವಿಧಾನಸಭಾ ಕ್ಷೇತ್ರಗಳ ಚಿಕ್ಕೋಡಿ ಲೋಕಸಭಾ ಕ್ಷೇತ್ರದಲ್ಲೂ ಈಗ ಅದೇ ಪೆಟ್ಟಿಗೆ.

ಒಂದು ಬ್ಯಾಲೆಟ್ ಯುನಿಟ್ಟಿನಲ್ಲಿ 16 ಗುಂಡಿ. ಅಭ್ಯರ್ಥಿಗಳು ಹೆಚ್ಚಾದರೆ ಎರಡನೆಯ ಯುನಿಟ್ಟಿನ ಕೇಬಲ್ ಮೊದಲನೆಯದಕ್ಕೆ, ಮೂರನೆಯದರದ್ದು ಎರಡನೆಯದಕ್ಕೆ, ಹೀಗೆ ಸರಪಳಿ. ಮೊದಲನೆಯದರ ಕೇಬಲ್ ಅಧಿಕಾರಿಯ ಮೇಜಿನ ಮೇಲಿನ ಕಂಟ್ರೋಲ್ ಯುನಿಟ್ಟಿಗೆ (ಈಗ ನಡುವೆ ವಿವಿಪ್ಯಾಟ್ ಕೂಡ ಇದೆ). ಅಂದರೆ ಇದೂ ಒಂದು ಪುಟ್ಟ ಬಸ್ಸೇ. ಗುಂಡಿ ಒತ್ತಿದಾಗ ಯಾವ ಯುನಿಟ್ಟಿನ ಎಷ್ಟನೇ ಗುಂಡಿ ಎನ್ನುವುದು ಗೊತ್ತಾಗಬೇಕು. ಎರಡನೇ ಯುನಿಟ್ಟಿನ ಮೊದಲ ಗುಂಡಿ ಅಂದರೆ 17ನೇ ಅಭ್ಯರ್ಥಿ, ಲೆಕ್ಕ ಇಷ್ಟೇ. ಆ 'ಎರಡನೇ' ಅನ್ನುವುದನ್ನು ಹೇಳುವುದೇ ಕಿಂಡಿಯ ಸ್ವಿಚ್ಚು.

ಯುಎಸ್‌ಬಿ ಹಾಗೆ 'ಮೊದಲು ಸಿಕ್ಕವನಿಗೆ 1' ಅಂತ ಯಂತ್ರವೇ ನಂಬರು ಕೊಟ್ಟಿದ್ದರೆ ಏನಾಗುತ್ತಿತ್ತು ಯೋಚಿಸಿ. ಬೆಳಗಿನ ಜಾವ ಐದಕ್ಕೆ ನಿದ್ದೆಗಣ್ಣಿನಲ್ಲಿ ಯಾರೋ 17ರಿಂದ 32ರ ಹೆಸರು ಇರುವ ಯುನಿಟ್ಟನ್ನು ಮೊದಲು ಜೋಡಿಸುತ್ತಾರೆ. ಯಂತ್ರ ಅದನ್ನು 1 ಎಂದುಕೊಳ್ಳುತ್ತದೆ. 17ನೆಯವರಿಗೆ ಒತ್ತಿದ ಮತ 1ನೆಯವರ ಲೆಕ್ಕಕ್ಕೆ ಹೋಗುತ್ತದೆ. ದೀಪ ಹೊತ್ತುತ್ತದೆ, ಬೀಪ್ ಅನ್ನುತ್ತದೆ, ಎಲ್ಲವೂ ಸರಿಯಾಗಿಯೇ ಇದೆ! ಯಾಕೆಂದರೆ ಹೆಸರು ಇರುವುದು ಪೆಟ್ಟಿಗೆಯ ಮೇಲೆ ಕೂಡಿಸಿದ ಕಾಗದದಲ್ಲಿ. ಆ ಕಾಗದದ ಸುದ್ದಿ ತಂತಿಗೆ ಗೊತ್ತಿಲ್ಲ. ನಮ್ಮ ಕಡೆಯ ಮಾತಿನಲ್ಲಿ ಹೇಳಬೇಕಂದ್ರ, ಯಂತ್ರಕ್ಕ ಓದಾಕ ಬರೂದಿಲ್ಲ.

ಅದಕ್ಕೆ ಮತದಾನಕ್ಕೆ ಕೆಲ ದಿನ ಮೊದಲು, ಅಭ್ಯರ್ಥಿಗಳ ಅಥವಾ ಅವರ ಏಜೆಂಟರ ಕಣ್ಣೆದುರು, ಚುನಾವಣಾಧಿಕಾರಿಯ ಕಡೆಯವರು ಮತಪತ್ರವನ್ನು ಯುನಿಟ್ಟಿನೊಳಗೆ ಕೂಡಿಸುತ್ತಾರೆ, ಆಗಲೇ ಸ್ವಿಚ್ಚನ್ನೂ ಸರಿಸುತ್ತಾರೆ, ಎರಡನ್ನೂ ಸೇರಿಸಿ ಮುಚ್ಚಳ ಹಾಕಿ ಸೀಲು ಮಾಡುತ್ತಾರೆ. ಕಾಗದ ಮತ್ತು ನಂಬರು ಒಂದೇ ಸೀಲಿನ ಒಳಗೆ. ಮತಗಟ್ಟೆಯಲ್ಲಿ ಆ ನಂಬರನ್ನು ಯಾರೂ ಬದಲಿಸುವ ಹಾಗಿಲ್ಲ, ಆದರೆ ಕಿಂಡಿಯಲ್ಲಿ ಯಾರು ಬೇಕಾದರೂ ನೋಡಬಹುದು. ಸರಪಳಿಯ ಕ್ರಮಕ್ಕೂ ಸ್ವಿಚ್ಚಿನ ನಂಬರಿಗೂ ತಾಳೆಯಾಗದಿದ್ದರೆ ಕಂಟ್ರೋಲ್ ಯುನಿಟ್ಟಿನ ಪರದೆಯ ಮೇಲೆ 'ಎಲ್.ಇ.' ಬರುತ್ತದೆ, ಲಿಂಕ್ ದೋಷ ಅಂತ. ನೋಡಿ, ಇಲ್ಲಿ ಜಾಗವೂ ಬೇಕು, ನಂಬರೂ ಬೇಕು, ಎರಡೂ ಒಪ್ಪಬೇಕು. ಅದಾದ ಮೇಲೂ ಬೆಳಿಗ್ಗೆ ಏಜೆಂಟರ ಮುಂದೆ ಅಣಕು ಮತದಾನ. ಹಳೆಯ ಕಾಲದ ಜಂಪರ್ ಎಂದು ನಗುವವರು ಇದನ್ನು ಒಮ್ಮೆ ಯೋಚಿಸಬೇಕು ಅಂತ ನನ್ನ ಅಭಿಪ್ರಾಯ.

ಆದರೆ ಕೈಯಿಂದ ಕೊಡುವ ವಿಳಾಸಕ್ಕೆ ಒಂದು ಮಿತಿ ಇದ್ದೇ ಇರುತ್ತದೆ. ಸ್ವಿಚ್ಚಿನಲ್ಲಿ ನಾಲ್ಕೇ ಸ್ಥಾನ. ನಾಲ್ಕು ಹದಿನಾರಲೇ ಅರುವತ್ನಾಲ್ಕು. ಅದನ್ನು ಮೀರಿದರೆ ಕಾಗದದ ಮತಪತ್ರವೇ ಗತಿ. ಈ 64 ಎಂಬ ಸಂಖ್ಯೆ ನಮ್ಮ ಗಡಿಭಾಗದ ರಾಜಕೀಯಕ್ಕೆ ಹೇಗೆ ತಾಗಿತು ಅನ್ನುವುದೇ ಈ ಕಥೆಯ ಸ್ವಾರಸ್ಯ.

1996ರ ಲೋಕಸಭಾ ಚುನಾವಣೆ, ಆಗಿನ್ನೂ ಕಾಗದದ ಕಾಲ. ಚಿಕ್ಕೋಡಿಯಲ್ಲಿ 1967ರಿಂದ ಏಳು ಸಲ ಗೆದ್ದಿದ್ದ ಬಿ. ಶಂಕರಾನಂದರನ್ನು ಜನತಾದಳದ ರತ್ನಮಾಲಾ ಸವಣೂರ ಸೋಲಿಸಿದ ಸುದ್ದಿಯೇ ನಮ್ಮಲ್ಲಿ ದೊಡ್ಡದು. ಪಕ್ಕದ ಬೆಳಗಾವಿಯಲ್ಲಿ ಬೇರೆಯೇ ಸುದ್ದಿ. ಗಡಿ ವಿವಾದದ ಕಡೆ ದೇಶದ ಗಮನ ಸೆಳೆಯಲು ಮಹಾರಾಷ್ಟ್ರ ಏಕೀಕರಣ ಸಮಿತಿ ನೂರಾರು ಜನರಿಂದ ನಾಮಪತ್ರ ಹಾಕಿಸಿತ್ತು. ಕಣದಲ್ಲಿ ಉಳಿದವರು 456! ಅದೇ ವರ್ಷ ಆಂಧ್ರದ ನಲ್ಗೊಂಡದಲ್ಲಿ 480, ತಮಿಳುನಾಡಿನ ಮೊಡಕುರಿಚಿ ವಿಧಾನಸಭಾ ಕ್ಷೇತ್ರದಲ್ಲಿ 1033. ಮೊಡಕುರಿಚಿಯಲ್ಲಿ ಮತಪತ್ರ ಹಾಳೆಯಾಗಿ ಉಳಿಯಲಿಲ್ಲ, ಪುಸ್ತಕವಾಯಿತು. ಸಮಿತಿಯ ಬೇಡಿಕೆ ನಮಗೆ ಒಪ್ಪಿಗೆ ಇರಲಿ ಬಿಡಲಿ, ಮತಪತ್ರವನ್ನೇ ಮನವಿಪತ್ರ ಮಾಡಿದ ಆ ಯುಕ್ತಿ ಮಾತ್ರ ಗಟ್ಟಿಯದು.

ವಿಳಾಸ ಸಾಲದೇ ಹೋದಾಗ ಎಂಜಿನಿಯರು ಬಿಟ್ ಹೆಚ್ಚಿಸುತ್ತಾನೆ, ಸರಕಾರ ಠೇವಣಿ ಹೆಚ್ಚಿಸುತ್ತದೆ. ಅದೇ 1996ರಲ್ಲಿ ಕಾನೂನು ತಿದ್ದಿ ಲೋಕಸಭೆಯ ಠೇವಣಿಯನ್ನು 500 ರೂಪಾಯಿಯಿಂದ 10,000ಕ್ಕೆ ಏರಿಸಿದರು (ಪರಿಶಿಷ್ಟರಿಗೆ ಅರ್ಧ), ಮಾನ್ಯತೆ ಪಡೆದ ಪಕ್ಷದವರಲ್ಲದಿದ್ದರೆ ಹತ್ತು ಜನ ಸೂಚಕರು ಬೇಕೆಂದರು. 2010ರಲ್ಲಿ ಠೇವಣಿ 25,000 ಆಯಿತು. ಹುಚ್ಚಾಟದ ನಾಮಪತ್ರ ನಿಂತವು ನಿಜ, ಆದರೆ ಕಿಸೆಯಲ್ಲಿ ಕಾಸಿಲ್ಲದವನ ನಾಮಪತ್ರವೂ ನಿಂತಿತು. ನನಗೆ ಈ ಪರಿಹಾರ ಅಷ್ಟಾಗಿ ಮನಸ್ಸಿಗೆ ಬಂದಿಲ್ಲ.

2013ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನಿಂದ 'ನೋಟಾ' ಬಂತು, ಅದಕ್ಕೂ ಒಂದು ಗುಂಡಿ ಹೋಯಿತು. ಉಳಿದದ್ದು 63. 2019ರಲ್ಲಿ ಬೆಳಗಾವಿಯಲ್ಲಿ ಸಮಿತಿ ಮತ್ತೆ ಹಳೆಯ ದಾರಿ ಹಿಡಿಯಿತು, ಕಣದಲ್ಲಿ 57 ಜನ. ನೋಟಾ ಸೇರಿ 58, ಮತಗಟ್ಟೆಗೆ ನಾಲ್ಕು ಯುನಿಟ್ಟು. ಹೆಸರುಗಳ ಕ್ರಮ ಗೊತ್ತಿರಲಿ, ಮೊದಲು ಮಾನ್ಯತೆ ಪಡೆದ ಪಕ್ಷಗಳವರು, ಆಮೇಲೆ ನೋಂದಾಯಿತ ಪಕ್ಷಗಳವರು, ಕೊನೆಗೆ ಪಕ್ಷೇತರರು, ಎಲ್ಲರ ನಂತರ ನೋಟಾ. 'ಯಾರೂ ಬೇಡ' ಅನ್ನಬೇಕಾದವನು ಮೂರು ಪೆಟ್ಟಿಗೆ ದಾಟಿ ನಾಲ್ಕನೆಯದರ ಹತ್ತನೇ ಗುಂಡಿಯ ತನಕ ಹೋಗಬೇಕಾಗಿತ್ತು.

ಅದೇ ಚುನಾವಣೆಯಲ್ಲಿ ತೆಲಂಗಾಣದ ನಿಜಾಮಾಬಾದಿನಲ್ಲಿ ಅರಿಶಿನ ಬೆಳೆಯುವ ರೈತರು ಬೆಲೆಗಾಗಿ ಇದೇ ರೀತಿ ನಾಮಪತ್ರ ಹಾಕಿ, ಒಟ್ಟು 185 ಜನ ಕಣದಲ್ಲಿ ಉಳಿದರು. ಕಾಗದಕ್ಕೆ ವಾಪಸು ಹೋಗುತ್ತಾರೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಆದರೆ ಅಷ್ಟರಲ್ಲಿ ಎಂ-3 ಎಂಬ ಹೊಸ ಮಾದರಿ ಬಂದಿತ್ತು. ಅದರಲ್ಲಿ ಜಾರು ಸ್ವಿಚ್ಚಿನ ಬದಲು ಹೆಬ್ಬೆರಳಿನಿಂದ ತಿರುಗಿಸುವ ಎರಡು ಅಂಕಿಯ ಚಕ್ರ, 01ರಿಂದ 24ರ ತನಕ. ಒಂದು ಮತಗಟ್ಟೆಗೆ 12 ಯುನಿಟ್ಟು ಸಾಲಾಗಿ ಇಟ್ಟು ಮತದಾನ ಮುಗಿಸಿದರು. ಈ ಎಂ-3ರಲ್ಲಿ ಯುನಿಟ್ಟುಗಳು ಒಂದನ್ನೊಂದು 'ನೀನು ನಮ್ಮವನೇ ಹೌದೋ' ಎಂದು ಪರೀಕ್ಷಿಸಿಕೊಳ್ಳುತ್ತವೆ, ಯುಎಸ್‌ಬಿಗೆ ಹುಟ್ಟಿನಿಂದ ಇಲ್ಲದ ಗುಣ ಅದು. ಅಷ್ಟೆಲ್ಲ ಬದಲಾದರೂ ನಂಬರು ಕೊಡುವುದು ಮಾತ್ರ ಈಗಲೂ ಬೆರಳೇ.

24 ಹದಿನಾರಲೇ 384. ನಿಜಾಮಾಬಾದಿಗೆ ಅದು ಧಾರಾಳವಾಯಿತು. 1996ರ ಬೆಳಗಾವಿಯನ್ನು ತಂದು ಕೂರಿಸಿದರೆ ಇನ್ನೂ 72 ಜನ ಹೊರಗೆ ಉಳಿಯುತ್ತಾರೆ, ನೋಟಾ ಸೇರಿದರೆ 73.